ಉಗಿಬಂಡಿಯೂ ನಮ್ಮ ಔದಾಸೀನ್ಯವೂ

"ಹಳೆಯ ಉಗಿಬಂಡಿಗಳನ್ನು ಕಾಪಾಡುವುದು ಸರಕಾರದ ಕೆಲಸ, ನಮಗೇಕೆ ಆ ತಾಪತ್ರಯ?" ಇದು ನಮ್ಮ ಸುಶಿಕ್ಷಿತ ಬಂಧುಗಳ ಬಾಯಲ್ಲಿ ಸದಾ ಕೇಳಿಬರುವ ಮಾತು. ಇದು ಎಷ್ಟು ಸುಲಭವೋ ಅಷ್ಟೇ ಅನರ್ಥಕಾರಿಯೆಂಬುದು ನಮ್ಮ ಅಭಿಪ್ರಾಯ.

ವೇಲ್ಸ್ ದೇಶದಲ್ಲಿ ಕಲ್ಲುಹಲಗೆಗಳನ್ನು ಸಾಗಿಸುತ್ತಿದ್ದ ಟಾಲಿಲಿನ್ ಎಂಬ ಪುಟ್ಟ ರೈಲುದಾರಿಯ ಒಡೆಯನು 1950ರಲ್ಲಿ ಗತಿಸಿದನು. ದಾರಿ ಮುಚ್ಚಿಹೋಗುವುದರಲ್ಲಿತ್ತು. ಆಗ ಊರೂರಿನ ಸಾಮಾನ್ಯ ಗೃಹಸ್ಥರು ಸಂಘ ಕಟ್ಟಿದರು; ಸಂಬಳವಿಲ್ಲದೆ ಹಳಿ ಸರಿಪಡಿಸಿದರು, ಕಲ್ಲಿದ್ದಲು ಹೊತ್ತರು; 1951ರಲ್ಲಿ ಬಂಡಿಯನ್ನು ಮತ್ತೆ ಓಡಿಸಿದರು. ಅದು ಇಂದಿಗೂ ಓಡುತ್ತಲಿದೆ.

ನಾವೇನು ಮಾಡಿದೆವು? ಮಂಗಳೂರಿನಿಂದ ಪುತ್ತೂರು, ನೆಟ್ಟಣಗಳ ಮೇಲಾಗಿ ಹಾಸನಕ್ಕೆ ಮೀಟರ್ ಗೇಜ್ ದಾರಿ ತೆರೆದುದು 1979ರಲ್ಲಿ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ಹುಟ್ಟಿದುದೂ ಅದೇ ವರ್ಷ. ಘಟ್ಟದ 57 ಸುರಂಗಗಳನ್ನು ಹಾದ ಆ ಹಳಿಯನ್ನು ಮುಂದೆ ಕಿತ್ತು ಅಗಲಿಸಲಾಯಿತು. 2007ರ ಡಿಸೆಂಬರಿನಲ್ಲಿ ಬ್ರಾಡ್ ಗೇಜಿನ ಪ್ರಯಾಣಿಕರ ಬಂಡಿ ಘಟ್ಟವೇರಿತು. ಅಗಲಿಸಿದ್ದು ಯೋಗ್ಯವೇ, ಆದರೆ ಹಳೆಯದರ ಒಂದು ದೀಪವನ್ನಾಗಲಿ, ಒಂದು ಟಿಕೇಟನ್ನಾಗಲಿ ನಮ್ಮಲ್ಲಿ ಎಷ್ಟು ಮನೆಗಳು ಜೋಪಾನ ಮಾಡಿವೆ?

"ಸುಳ್ಯದ ಪೇಟೆಗೆ ಹೊಸ ರೈಲೇ ಬಂದಿಲ್ಲ, ಹಳೆಯದರ ಹಂಬಲವೇಕೆ?" ಎಂದು ಕೆಲವರು ಆಕ್ಷೇಪಿಸಬಹುದು. ಹೊಸದನ್ನು ಕೇಳುವ ಹಕ್ಕು ಹಳೆಯದನ್ನು ಮರೆಯುವ ಅಪ್ಪಣೆಯಲ್ಲ. "ನಮ್ಮಲ್ಲಿ ಸ್ವಯಂಸೇವಕರೆಲ್ಲಿ?" ಎಂಬುದು ಇನ್ನೊಂದು ಆಕ್ಷೇಪ. ಬ್ರಹ್ಮಕಲಶವೆಂದರೆ ಚಪ್ಪರ ಹಾಕಲು, ಎಲೆ ತೆಗೆಯಲು ಸೊಂಟಕ್ಕೆ ಬೈರಾಸು ಬಿಗಿದು ನಿಲ್ಲುವವರು ಪುತ್ತೂರು, ಕಡಬಗಳಲ್ಲಿ ಕಡಿಮೆಯೇ? ಕೊರತೆ ಕೈಗಳದಲ್ಲ, ಮನಸ್ಸಿನದು.

ನಿಲ್ದಾಣದ ಮುಂದೆ ಬಣ್ಣ ಬಳಿದು ನಿಲ್ಲಿಸಿದ ಎಂಜಿನು ಸಂರಕ್ಷಿತವಾಯಿತೆಂದು ತಿಳಿಯುವುದು ಭ್ರಮೆ. ಬಣ್ಣದಡಿಯಲ್ಲಿ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಬಾಯ್ಲರಿನ ಕೊಳವೆಗಳನ್ನು ಶುಚಿಗೊಳಿಸುವುದು, ಗಂಟೆಗಟ್ಟಲೆ ಮುಂಚಿತವಾಗಿ ಬೆಂಕಿ ಹೂಡಿ ಉಗಿಯನ್ನು ಹದಕ್ಕೆ ತರುವುದು, ಇವು ಕೈಯಿಂದ ಕೈಗೆ ದಾಟಬೇಕಾದ ವಿದ್ಯೆಗಳು, ಪುಸ್ತಕದಿಂದ ಬರತಕ್ಕವಲ್ಲ. ಭಾರತದ ಬ್ರಾಡ್ ಗೇಜಿನಲ್ಲಿ ಉಗಿಯ ದಿನನಿತ್ಯದ ಓಡಾಟ ನಿಂತುದು 1995ರಲ್ಲಿ. ಅಂದು ಇಪ್ಪತ್ತರ ತರುಣನಾಗಿ ಕಲ್ಲಿದ್ದಲು ತುಂಬಿದವನು ಇಂದು ಐವತ್ತು ದಾಟಿದ್ದಾನೆ. ಅವನಿಗೆ ಕಲಿಸಿದವರಲ್ಲಿ ಎಷ್ಟು ಮಂದಿ ಉಳಿದಿರುವರು?

ಮೀಟರ್ ಗೇಜಿನ ಎಂಜಿನು ನಮ್ಮ ಇಂದಿನ ಹಳಿಯ ಮೇಲೆ ಒಂದಡಿಯೂ ಓಡಲಾರದೆಂಬುದನ್ನು ಬಲ್ಲೆವು. ಆದುದರಿಂದ ನಾವು ಬೇಡುವುದು ಮೊದಲು ಎಂಜಿನನ್ನಲ್ಲ. ನಿವೃತ್ತ ರೈಲ್ವೆ ನೌಕರರ ಮಾತುಗಳನ್ನು ಬರೆದಿಡೋಣ. ಅಟ್ಟದ ಮೇಲಿನ ಲಾಂದ್ರ, ಬಾವುಟಗಳನ್ನು ಒಂದೆಡೆ ಕೂಡಿಸೋಣ. ಆಸಕ್ತ ತರುಣರಿಬ್ಬರನ್ನು ಉಗಿ ಇನ್ನೂ ಜೀವಂತವಾಗಿರುವ ನೀಲಗಿರಿಗೆ ಕಲಿಯಲು ಕಳುಹಿಸೋಣ. ಇಷ್ಟನ್ನು ಮಾಡಿದ ಬಳಿಕ ಸರಕಾರದ ಬಾಗಿಲು ತಟ್ಟಿದರೆ ನಮ್ಮ ಮಾತಿಗೆ ತೂಕವಿದ್ದೀತು. ಏನೂ ಮಾಡದೆ ದೂರುವವನ ದನಿ ಹಳಿಯಿಲ್ಲದ ಸಿಳ್ಳಿನಂತೆ; ಸದ್ದುಂಟು, ಸಾಗುವುದಿಲ್ಲ.