ಸಸ್ಯಾಹಾರಕ್ಕೆ ಹುಸಿಯ ಊರುಗೋಲು ಬೇಡ

2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡುವ ಕ್ರಮ ಆರಂಭವಾದಾಗ ಮಠಾಧೀಶರಲ್ಲಿ ಹಲವರು ಪ್ರತಿಭಟಿಸಿದರು. ಮುಂದೆ ಆ ಕ್ರಮವು ರಾಜ್ಯಕ್ಕೆಲ್ಲ ವಿಸ್ತರಿಸಿತು. ವಾದ ಮಾತ್ರ ನಿಂತಿಲ್ಲ. ಸಸ್ಯಾಹಾರದ ಪಕ್ಷದಲ್ಲಿ ನಿಂತೇ ಒಂದು ಮಾತನ್ನು ಹೇಳಬೇಕಾಗಿದೆ: ಸದಾಚಾರಕ್ಕೆ ಹುಸಿಯ ಆಸರೆ ತರವಲ್ಲ.

ಮಾಂಸ ತಿಂದವನು ಕ್ರೂರಿಯಾಗುವನು, ಮೊಟ್ಟೆ ತಿಂದ ಮಗು ಮಂದಬುದ್ಧಿಯಾಗುವುದು, ಸೊಪ್ಪು ತರಕಾರಿ ಉಂಡವನಿಗೆ ರೋಗವೇ ಇಲ್ಲ ಎಂಬ ಮಾತುಗಳಿಗೆ ಆಧಾರವಿಲ್ಲ. ಮಧುಮೇಹ, ರಕ್ತಹೀನತೆಗಳು ಸಸ್ಯಾಹಾರಿಗಳ ಮನೆಯನ್ನೂ ಬಿಟ್ಟಿಲ್ಲ. ಬಿ-12 ಜೀವಸತ್ವವು ಕಾಳುಕಡಿಗಳಲ್ಲಿ ದೊರೆಯದು. ಹಾಲು ಮೊಸರು ಸಾಲದ ಮನೆಯಲ್ಲಿ ಅದರ ಕೊರತೆಯ ಭಯವುಂಟು. ಮಾಂಸವಿಲ್ಲದೆ ಬಲವಿಲ್ಲವೆಂಬುದೂ ಅಷ್ಟೇ ಹುಸಿ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಸತ್ವವನ್ನು ತೊಗರಿ, ಹೆಸರು, ಕಡಲೆಗಳು ತುಂಬಿಕೊಡುತ್ತವೆ. ಸಂಸ್ಕರಿಸಿದ ಮಾಂಸವು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಾರಿದ್ದು ನಿಜ. ಆ ತೀರ್ಪನ್ನು ಮೊಟ್ಟೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ಸಸ್ಯಾಹಾರದ ಬಲವೆಲ್ಲಿದೆ? ದಯೆಯಲ್ಲಿದೆ. ಬದುಕಲು ಬೇರೆ ದಾರಿಯಿರುವಾಗ ಇನ್ನೊಂದು ಜೀವವನ್ನು ನೋಯಿಸಲೊಲ್ಲೆನೆಂಬ ಸಂಕಲ್ಪಕ್ಕೆ ವೈದ್ಯರ ಪ್ರಮಾಣಪತ್ರ ಬೇಕಿಲ್ಲ. ಆರೋಗ್ಯವನ್ನೇ ತಳಹದಿಯಾಗಿಸಿದರೆ, ನಾಳೆ ಹೊಸ ಶೋಧನೆಯೊಂದು ಬಂದಾಗ ಆಚಾರವೂ ಕುಸಿಯುವುದು.

ಆದರೆ ಪಶುಪಕ್ಷಿಗಳತ್ತ ಹರಿಯುವ ದಯೆಯು ಹಸಿದ ಮಗುವಿನ ಮುಂದೆ ಬತ್ತಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ; 2021ರಲ್ಲಿ ಅದರ ಬದಲಿಗೆ ಗೊತ್ತುಮಾಡಿದ ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಮಾತ್ರ. ಇದು ಸಸ್ಯಾಹಾರಿ ಮಗುವಿಗೇ ಆದ ಅನ್ಯಾಯವಲ್ಲವೆ? 30 ಗ್ರಾಂ ಶೇಂಗಾದಲ್ಲಿ 7 ಗ್ರಾಮಿನಷ್ಟು ಪ್ರೋಟೀನು ಸಿಗುತ್ತದೆ. ಅದನ್ನು ಕೊಡಿರೆಂದು ಒತ್ತಾಯಿಸುವುದು ನಮ್ಮ ಹಕ್ಕು. ನೆರೆಯ ಮಗುವಿನ ತಟ್ಟೆಯಿಂದ ಮೊಟ್ಟೆಯನ್ನು ತೆಗೆಯಿರೆನ್ನುವ ಹಕ್ಕು ನಮಗಿಲ್ಲ. ಬಲಾತ್ಕಾರದಿಂದ ಬಂದ ವ್ರತವು ವ್ರತವೇ ಅಲ್ಲ.

ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಬಲ್ಲರು: ದಾಸೋಹದ ಪಂಕ್ತಿಯಲ್ಲಿ ನೋಡುತ್ತಿದ್ದುದು ಹಸಿವನ್ನು, ಜಾತಿಯನ್ನಲ್ಲ. ಆ ಪ್ರಸಾದದ ಋಣವುಳ್ಳ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಶಾಲೆಗೆ ಶೇಂಗಾ, ಬೆಲ್ಲ, ಹಾಲುಗಳನ್ನು ಮುಟ್ಟಿಸಲಿ. ನೂರು ಪ್ರತಿಭಟನೆಗಳಿಗಿಂತ ಸಸ್ಯಾಹಾರದ ಘನತೆಯನ್ನು ಆ ತುಂಬಿದ ತಟ್ಟೆಯೇ ಹೆಚ್ಚು ಎತ್ತಿಹಿಡಿಯುವುದು.