ನಿಧಾನಿಸಿದರೆ ಮಂಕಾಗುವ ದೀಪ

"ಹೆಂಗಸರು ಓಡಿಸುವ ಮೊಪೆಡ್ಡಿಗೆ ಬ್ಯಾಟರಿ ಯಾಕೆ?" ಎಂಬ ಮಾತನ್ನು ಬಳ್ಳಾರಿಯ ಗ್ಯಾರೇಜುಗಳಲ್ಲೂ ಮನೆಗಳ ಪಡಸಾಲೆಯಲ್ಲೂ ಎಷ್ಟೋ ಸಲ ಕೇಳಿದ್ದೇನೆ. ಹಾಗೆ ಕೇಳುವವರ ಮುಖದಲ್ಲಿ ಒಂದು ಸಣ್ಣ ನಗೆಯೂ ಇರುತ್ತದೆ, ಬ್ಯಾಟರಿ ಎನ್ನುವುದು ನಮ್ಮದೊಂದು ಹೊಸ ಶೋಕಿ ಎನ್ನುವಂತೆ. ಅದು ಶೋಕಿಯಲ್ಲ, ಕತ್ತಲಾದ ಮೇಲೆ ಕ್ಷೇಮವಾಗಿ ಮನೆ ಮುಟ್ಟುವ ಮಾತು.

೧೯೭೨ರಲ್ಲಿ ಲೂನಾ ಬಂತು, ೧೯೮೦ರಲ್ಲಿ ಟಿವಿಎಸ್ ೫೦ ಬಂತು. ನಮ್ಮ ಸಣ್ಣ ಊರುಗಳ ಎಷ್ಟೋ ಹೆಣ್ಣುಮಕ್ಕಳು ಮೊದಲು ಹ್ಯಾಂಡಲ್ ಹಿಡಿದದ್ದು ಇಂಥ ಬಂಡಿಗಳದ್ದೇ. ಹಗುರ, ಅಗ್ಗ, ಗೇರಿನ ಗೋಜಿಲ್ಲ. ಆದರೆ ಬ್ಯಾಟರಿಯಿಲ್ಲದ ಇಂಥ ಬಂಡಿಗಳಲ್ಲಿ ಒಂದು ಕೊರತೆಯಿದೆ. ಇಂಜಿನ್ನಿನ ಜೊತೆ ತಿರುಗುವ ಚಕ್ರದಲ್ಲಿ ಅಯಸ್ಕಾಂತ, ಅದರ ಒಳಗೆ ತಂತಿಯ ಸುರುಳಿ: ಇದೇ ಮ್ಯಾಗ್ನೆಟೊ. ಕಿಡಿ ಹೊತ್ತಿಸುವ ಕರೆಂಟೂ ಇದರಿಂದಲೇ, ದೀಪದ ಕರೆಂಟೂ ಇದರಿಂದಲೇ. ಇಂಜಿನ್ ಜೋರಾಗಿ ತಿರುಗಿದರೆ ದೀಪ ಜೋರು. ನಿಧಾನವಾದರೆ ದೀಪ ಮಂಕು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಸಿರುಗುಪ್ಪದ ದಾರಿಯಲ್ಲಿ ಹಿಂದೆ ಕೆಂಪು ದೀಪವಿಲ್ಲದ ಭತ್ತದ ಟ್ರ್ಯಾಕ್ಟರು ನಿಂತಿದೆ. ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ ಅಂಚಿಗೆ ಕಲ್ಲು ಇಟ್ಟಿದ್ದಾರೆ. ಕುರುಗೋಡಿನ ಕಡೆ ಎಮ್ಮೆಯೊಂದು ದಾರಿಗೆ ಅಡ್ಡ ಬಂತು. ಇಂಥ ಕಡೆಯೆಲ್ಲ ನೀವು ಮಾಡುವ ಮೊದಲ ಕೆಲಸ ಎಕ್ಸಲೇಟರ್ ಬಿಡುವುದು. ಬಿಟ್ಟ ಕೂಡಲೇ ದೀಪ ಕುಗ್ಗುತ್ತದೆ. ಬೆಳಕು ಎಲ್ಲಕ್ಕಿಂತ ಹೆಚ್ಚು ಬೇಕಾದ ಗಳಿಗೆಯಲ್ಲೇ ಬೆಳಕಿಲ್ಲ. ಎಚ್ಚರಿಕೆಯಿಂದ ಹೋಗುವವಳಿಗೇ ಇದು ಶಿಕ್ಷೆ!

ಇದಕ್ಕೆ ಪರಿಹಾರ ಇದೆ, ದೊಡ್ಡ ವಿದ್ಯೆಯೂ ಅಲ್ಲ. ಮ್ಯಾಗ್ನೆಟೊ ಕೊಡುವುದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಎಸಿ ಕರೆಂಟು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನ ಡಿಸಿ. ಎರಡರ ನಡುವೆ ರೆಗ್ಯುಲೇಟರ್-ರೆಕ್ಟಿಫೈಯರ್ ಎಂಬ ಅಂಗೈಯಷ್ಟು ಪೆಟ್ಟಿಗೆ ಕೂಡಿಸಬೇಕು. ಅದು ಎಸಿಯನ್ನು ಡಿಸಿ ಮಾಡುತ್ತದೆ, ವೋಲ್ಟೇಜು ಮಿತಿ ಮೀರದ ಹಾಗೆ ಕಾಯುತ್ತದೆ. ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ದೀಪಕ್ಕೆ, ಹಾರ್ನಿಗೆ. ಇಂಜಿನ್ ಕುಂಟಿದರೂ ಬ್ಯಾಟರಿ ದೀಪವನ್ನು ಹಿಡಿದಿರುತ್ತದೆ. ಅನೇಕ ಬಂಡಿಗಳಲ್ಲಿ ದೀಪದ ಸುರುಳಿಯ ಒಂದು ತುದಿಯನ್ನು ಒಳಗೇ ಅರ್ಥ್ ಮಾಡಿರುತ್ತಾರೆ. ಆ ತುದಿಯನ್ನು ಬಿಡಿಸಿ ಹೊರಗೆ ತಂದರೆ ಕರೆಂಟು ಪೂರ್ತಿ ಸಿಗುತ್ತದೆ. ಮೈಗಳ್ಳ ಮೆಕ್ಯಾನಿಕ್ ತಪ್ಪಿಸಿಕೊಳ್ಳುವ ಜಾಗ ಇದೇ.

"ಬ್ಯಾಟರಿ ಸತ್ತರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ಮ್ಯಾಗ್ನೆಟೊ ಎಂದೂ ಕೈ ಕೊಡುವುದಿಲ್ಲ" ಎಂದು ಹಿರಿಯರು ವಾದಿಸುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ಕಿಡಿಯ ಸುರುಳಿಯನ್ನು ಮುಟ್ಟಬಾರದು. ಸಾಮಾನ್ಯವಾಗಿ ಅದು ಬೇರೆ, ದೀಪದ ಸುರುಳಿ ಬೇರೆ. ದೀಪದ್ದನ್ನು ಮಾತ್ರ ಬ್ಯಾಟರಿಗೆ ತಿರುಗಿಸಿದರೆ, ಬ್ಯಾಟರಿ ಪೂರ್ತಿ ಸತ್ತ ದಿನವೂ ಇಂಜಿನ್ ಚಾಲೂ ಆಗುತ್ತದೆ.

ಹೊರದೇಶಗಳಲ್ಲಿ ನೀರಿನ ಮೇಲೆ ನಿಂತುಕೊಂಡು ಓಡಿಸುವ ಜೆಟ್ ಸ್ಕೀಗಳಿವೆ. ಪಂದ್ಯಕ್ಕೆ ಇಳಿಯುವ ಕೆಲವರು ಅವುಗಳ ಚಾರ್ಜಿಂಗ್ ಭಾಗವನ್ನೇ ಕಿತ್ತು ಹಾಕುತ್ತಾರೆ; ತಿರುಗುವ ಭಾರ ಕಡಿಮೆಯಾದರೆ ಇಂಜಿನ್ ಬೇಗ ವೇಗ ಹಿಡಿಯುತ್ತದೆಂದು. ಅಲ್ಲಿ ಕಿಡಿ ಹೊತ್ತುವುದು ಬ್ಯಾಟರಿಯಿಂದಲೇ. ಅದು ಕೊಡುತ್ತಲೇ ಹೋಗುತ್ತದೆ, ಅದಕ್ಕೆ ತುಂಬುವವರಿಲ್ಲ. ಈ ಏರ್ಪಾಟಿಗೆ ಅವರು ಇಟ್ಟ ಹೆಸರು 'ಟೋಟಲ್ ಲಾಸ್'. ಪಂದ್ಯ ಬಿಟ್ಟು ದೂರ ಸುತ್ತಾಡಬೇಕೆನ್ನುವವರು ಮತ್ತೆ ಚಾರ್ಜಿಂಗ್ ಸುರುಳಿ ಕೂಡಿಸಿಕೊಳ್ಳುತ್ತಾರೆ. ಆಟದ ಬಂಡಿಗೆ ಇಷ್ಟೊಂದು ಮುತುವರ್ಜಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಮನೆಗೆ ಮರಳುವ ಹೆಣ್ಣುಮಗಳ ಬಂಡಿಗೆ ಮಾತ್ರ "ಯಾಕೆ?"

ಮನೆಯೊಳಗಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೊಸ ಬೈಕು ಬಂದರೆ ಅದು ಗಂಡನಿಗೋ ಮಗನಿಗೋ, ಹಳೆಯದು ಹೆಂಡತಿಗೆ. ಹಳೆಯದರ ಮಂಕು ದೀಪವೂ ಅವಳಿಗೇ. ೧೯೮೪ರಲ್ಲಿ ಗುಂಡಿ ಒತ್ತಿದರೆ ಚಾಲೂ ಆಗುವ ಕೈನೆಟಿಕ್ ಹೋಂಡಾ ಬಂದಾಗ ಅದನ್ನು 'ಲೇಡೀಸ್ ಗಾಡಿ' ಎಂದು ನಕ್ಕ ಗಂಡಸರು ಉಂಟು. ಇವತ್ತು ಅವರ ಮೊಮ್ಮಕ್ಕಳ ದೊಡ್ಡ ಬೈಕಿಗೂ ಅದೇ ಗುಂಡಿ ಬೇಕು. ೨೦೧೭ರ ಏಪ್ರಿಲ್ ೧ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟು ಉರಿಯಬೇಕೆಂದು ಸರಕಾರವೇ ನಿಯಮ ಮಾಡಿತು. ಬೆಳಕು ಜೀವ ಉಳಿಸುತ್ತದೆಂದು ಸರಕಾರ ಒಪ್ಪಿದ್ದನ್ನು ನಮ್ಮ ಮನೆಯವರು ಒಪ್ಪಲು ಏನು ಅಡ್ಡಿ?

ನಾನು ಒಮ್ಮೆ ಒಂದು ಗ್ಯಾರೇಜಿನಲ್ಲಿ "ಚಾರ್ಜ್ ಎಷ್ಟು ಬರುತ್ತದೆ ತೋರಿಸಪ್ಪಾ" ಎಂದೆ. "ಅದೆಲ್ಲಾ ನಿಮಗ್ಯಾಕ್ರಿ ಅಕ್ಕಾರೆ, ಮನಿಯವರನ್ನ ಕಳಿಸ್ರಿ, ಅವರಿಗೆ ಹೇಳ್ತೀನಿ" ಎಂದ. ದುಡ್ಡು ನನ್ನದು, ಬಂಡಿ ನನ್ನದು, ಕತ್ತಲಲ್ಲಿ ಹೋಗುವವಳು ನಾನು. ತಿಳಿದುಕೊಳ್ಳಬೇಕಾದವರು ಮಾತ್ರ ಮನೆಯವರು! ಕುಕ್ಕರಿನ ವಾಲ್ವು, ಗ್ಯಾಸಿನ ರೆಗ್ಯುಲೇಟರು, ಮಿಕ್ಸಿಯ ಫ್ಯೂಸು ಸಂಭಾಳಿಸುವ ನಮಗೆ ಮೂರು ತಂತಿ ಅರ್ಥವಾಗುವುದಿಲ್ಲವೆ?

ಆದ್ದರಿಂದ ಇಷ್ಟನ್ನು ಕಲಿತುಕೊಳ್ಳಿ. ಹನ್ನೆರಡು ವೋಲ್ಟಿನ ಒಳ್ಳೆಯ ಬ್ಯಾಟರಿ ತುಂಬಿದ್ದು, ಬಂಡಿ ಕೆಲವು ತಾಸು ನಿಂತಿದ್ದರೆ ಮೀಟರು ಸುಮಾರು ೧೨.೬ ತೋರಿಸುತ್ತದೆ. ಇಂಜಿನ್ ಚಾಲೂ ಮಾಡಿ ಎಕ್ಸಲೇಟರ್ ಕೊಟ್ಟಾಗ ಅದು ಸುಮಾರು ೧೩.೫ರಿಂದ ೧೪.೫ರವರೆಗೆ ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. ಹದಿನೈದು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಬೇಯುತ್ತದೆ. ಎರಡೇ ಕಾಲವಿರುವ ಊರು ನಮ್ಮದು, ಬೇಸಿಗೆ ಮತ್ತು ಕಡು ಬೇಸಿಗೆ. ಈ ಸೆಕೆಗೆ ಬ್ಯಾಟರಿಯ ಆಯುಷ್ಯ ಮೊದಲೇ ಕಡಿಮೆ. ನೀರು ಹಾಕುವ ಜಾತಿಯದಾದರೆ ಡಿಸ್ಟಿಲ್ಡ್ ವಾಟರ್ ಬೇಗ ಇಂಗುತ್ತದೆ, ಆಗಾಗ ನೋಡುತ್ತಿರಬೇಕು. ಇನ್ನೊಂದು ಮಾತು: ಸಣ್ಣ ಸುರುಳಿ ಗಳಿಸುವುದು ಸ್ವಲ್ಪ. ಅದಕ್ಕಿಂತ ಹೆಚ್ಚು ನುಂಗುವ ಬಲ್ಬು ಹಾಕಿದರೆ, ಸಂಬಳ ಮೀರಿ ಖರ್ಚು ಮಾಡುವ ಮನೆಯ ಗತಿಯೇ ಬ್ಯಾಟರಿಗೂ. ಎದುರಿನವರ ಕಣ್ಣು ಕುಕ್ಕುವ ದೀಪವೂ ಬೇಡ. ೧೯೮೮ರ ಮೋಟಾರು ವಾಹನ ಕಾಯಿದೆ ಬಂಡಿಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೆಲಸ ಮುಗಿದ ಮೇಲೆ ಗ್ಯಾರೇಜಿನಲ್ಲೇ ನಿಂತು, ಮೀಟರು ಹಿಡಿದು ತೋರಿಸಿ ಎಂದು ಕೇಳಿ. ಎಕ್ಸಲೇಟರ್ ಬಿಟ್ಟಾಗ ದೀಪ ಕುಗ್ಗುತ್ತದೆಯೇ ನೋಡಿ. ತೋರಿಸಲಾರದವನಿಗೆ ದುಡ್ಡು ಕೊಡಬೇಡಿ. "ನಿಮಗ್ಯಾಕೆ?" ಎಂದವನ ಕೈಗೆ ಬಂಡಿಯನ್ನೇ ಕೊಡಬೇಡಿ.