ಹಾಜರಿ ಪುಸ್ತಕ ಸಂಘದ ಕಪಾಟಿನಲ್ಲೇ ಇರಲಿ

ಮುಂಬಯಿ, ಪುಣೆ ಮೊದಲಾದ ಮಹಾನಗರಗಳ ಹಲವು ಕನ್ನಡ ಸಂಘಗಳು ಇಂದು ಸ್ವಂತ ವೆಬ್‌ಸೈಟ್ ಹೊಂದಿವೆ. ನಾಡಹಬ್ಬದ ಆಮಂತ್ರಣ, ವಿದ್ಯಾರ್ಥಿ ವೇತನದ ಅರ್ಜಿ, ವಧೂವರ ಮಾಹಿತಿ, ವೈದ್ಯಕೀಯ ನೆರವಿನ ಕೋರಿಕೆ ಇತ್ಯಾದಿ ಅಲ್ಲಿರುತ್ತವೆ. ಎಷ್ಟು ಮಂದಿ ಬಂದರು, ಯಾವ ಪುಟ ನೋಡಿದರು ಎಂಬ ಲೆಕ್ಕ ಕಾರ್ಯಕಾರಿ ಸಮಿತಿಗೆ ಬೇಕು, ಸರಿ. ಆದರೆ ಆ ಲೆಕ್ಕದ ಪುಸ್ತಕ ಯಾರ ವಶದಲ್ಲಿರಬೇಕು?

ವೆಬ್‌ಸೈಟ್ ಮಾಡಿಕೊಡುವವರು ಸಾಮಾನ್ಯವಾಗಿ ಗೂಗಲ್ ಅನಲಿಟಿಕ್ಸ್ ಜೋಡಿಸಿ ಹೋಗುತ್ತಾರೆ. 2005ರಲ್ಲಿ ಆರಂಭವಾದ ಈ ಸೇವೆ ಪುಕ್ಕಟೆ. ಆದರೆ ಸದಸ್ಯರೊಬ್ಬರು ವೈದ್ಯಕೀಯ ನೆರವಿನ ಪುಟ ತೆರೆದರೆ ಪುಟದ ಹೆಸರು, ಸುಮಾರು ಊರು, ಮೊಬೈಲ್‌ನ ಬಗೆ ಮುಂತಾದ ವಿವರ ಕಂಪೆನಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ನೆರವು ಕೇಳಲು ಸಂಕೋಚಪಡುವವರು ನಂಬಿ ಬಂದದ್ದು ಸಂಘವನ್ನು, ಕಂಪೆನಿಯನ್ನಲ್ಲ.

ಪರರ ವಶದಲ್ಲಿರುವ ಪುಸ್ತಕಕ್ಕೆ ಬಾಳಿಕೆಯ ಭರವಸೆಯೂ ಇಲ್ಲ. ಗೂಗಲ್ ತನ್ನ ಹಳೆಯ ಅನಲಿಟಿಕ್ಸನ್ನು 2023ರ ಜುಲೈಯಲ್ಲಿ ನಿಲ್ಲಿಸಿತು. 2024ರ ಜುಲೈಯಿಂದ ಹಳೆಯ ಲೆಕ್ಕಗಳನ್ನು ನೋಡುವ ಬಾಗಿಲೂ ಮುಚ್ಚಿತು. ಪ್ರತಿ ತೆಗೆದಿಟ್ಟುಕೊಳ್ಳದವರಿಗೆ ವರ್ಷಗಳ ದಾಖಲೆ ಇಲ್ಲವಾಯಿತು.

ಇದಕ್ಕೆ ಪರ್ಯಾಯವಿದೆ. ಹಿಂದೆ ಪಿವಿಕ್ ಎನಿಸಿಕೊಂಡು 2018ರಲ್ಲಿ ಹೆಸರು ಬದಲಿಸಿದ ಮಟೊಮೊ ಎಂಬ ತಂತ್ರಾಂಶವನ್ನು ಸಂಘದ ಲಿನಕ್ಸ್ ಸರ್ವರಿನಲ್ಲೇ ಉಚಿತವಾಗಿ ಸ್ಥಾಪಿಸಬಹುದು. ಅದಕ್ಕೆ ಬೇಕಾದುದು ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ. ಖಾಲಿ ಡೇಟಾಬೇಸ್ ಒಂದನ್ನು ತೆರೆದು, ಕಡತಗಳನ್ನು ಸರ್ವರಿಗೆ ಹಾಕಿ, ಬ್ರೌಸರಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸಿದರೆ ಸ್ಥಾಪನೆ ಮುಗಿಯಿತು. ಕೊನೆಯಲ್ಲಿ ಅದು ಕೊಡುವ ಚಿಕ್ಕ ಕೋಡನ್ನು ವೆಬ್‌ಸೈಟಿನ ಪುಟಗಳಿಗೆ ಸೇರಿಸಬೇಕು.

ಮುಖ್ಯ ಕೆಲಸ ಅನಂತರದ್ದು. ಭೇಟಿ ನೀಡಿದವರ ಐಪಿ ವಿಳಾಸದ ಕೊನೆಯ ಎರಡು ಭಾಗ ಅಳಿಸುವಂತೆ, ಕುಕಿ ಬಳಸದಂತೆ, ಕೆಲವು ತಿಂಗಳು ಕಳೆದ ಬಿಡಿ ದಾಖಲೆ ತಾನೇ ಅಳಿಯುವಂತೆ ನಿಗದಿಪಡಿಸಬೇಕು. ಒಟ್ಟು ಸಂಖ್ಯೆ ಉಳಿದರೆ ವಾರ್ಷಿಕ ವರದಿಗೆ ಧಾರಾಳವಾಯಿತು. ಸರ್ವರ್ ಪ್ರತ್ಯೇಕವಾಗಿ ಬರೆದಿಡುವ ಲಾಗ್ ಕಡತದಲ್ಲಿ ಪೂರ್ಣ ಐಪಿ ವಿಳಾಸ ಇರುತ್ತದೆ. ಅದನ್ನೂ ಕಾಲಕಾಲಕ್ಕೆ ಅಳಿಸದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಸಣ್ಣ ಸಂಘಕ್ಕೆ ಈ ಉಸಾಬರಿ ಯಾಕೆ ಎಂದು ಕೆಲವರು ಕೇಳಬಹುದು. ಮಾತಿನಲ್ಲಿ ಹುರುಳಿದೆ. ಹೊಸ ಆವೃತ್ತಿ ಹಾಕದೆ ವರ್ಷಗಟ್ಟಲೆ ಬಿಟ್ಟ ತಂತ್ರಾಂಶ ಕಳ್ಳರಿಗೆ ದಾರಿ ಮಾಡಿಕೊಡುತ್ತದೆ. ನೋಡಿಕೊಳ್ಳುವವರಿಲ್ಲದ ಸಂಘಕ್ಕೆ ಗೋಆಕ್ಸೆಸ್ ಸಾಕು. ಅದು ಪುಟಕ್ಕೆ ಏನನ್ನೂ ಸೇರಿಸದೆ, ಇರುವ ಲಾಗ್ ಕಡತವನ್ನೇ ಓದಿ ಲೆಕ್ಕ ಒಪ್ಪಿಸುತ್ತದೆ. ಅದೂ ಕಷ್ಟವಾದರೆ ಎಣಿಸದೇ ಇರುವುದೂ ಒಂದು ದಾರಿ. ಭೇಟಿ ಎಣಿಸದಿದ್ದರೆ ಯಾವ ಸಂಘವೂ ಮುಚ್ಚಿಹೋಗದು.

ಮಾಹಿತಿ ತಂತ್ರಜ್ಞಾನ ಬಲ್ಲ ಯುವಕ-ಯುವತಿಯರು ಯುವ ವಿಭಾಗಗಳಲ್ಲಿದ್ದಾರೆ. ವೇದಿಕೆ ಕಟ್ಟಲು, ಕುರ್ಚಿ ಜೋಡಿಸಲು ಮಾತ್ರ ಅವರನ್ನು ಕರೆಯುವ ಬದಲು ಈ ಹೊಣೆ ವಹಿಸುವುದು ಲೇಸು. ಬ್ಯಾಂಕಿನ ತಿಜೋರಿಗೆ ಇಬ್ಬರ ಬಳಿ ಕೀಲಿ ಇರುವಂತೆ ಇಲ್ಲೂ ಇಬ್ಬರು ಜವಾಬ್ದಾರರಿರಲಿ. ಪಾಸ್‌ವರ್ಡ್ ಸಂಘದ ದಫ್ತರಿನಲ್ಲಿ ಭದ್ರವಾಗಿರಲಿ; ಪದಾಧಿಕಾರಿ ಬದಲಾದಾಗ ಅದೂ ಬದಲಾಗಲಿ.

ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಗಿದೆ. ಕಾನೂನಿನ ಭಯಕ್ಕಿಂತ ಸದಸ್ಯರ ಮಾನಕ್ಕೆ ಬೆಲೆ ಕೊಟ್ಟು ಸಂಘಗಳು ಮುಂದಿನ ಮಹಾಸಭೆಯಲ್ಲಿ ಈ ಕುರಿತು ಠರಾವು ಮಂಡಿಸುವುದು ಒಳಿತು.